ನ್ಯಾಯಯುತ ವರದಿಗಾರಿಕೆಗೆ ಪತ್ರಕರ್ತರನ್ನು ಸಜ್ಜುಗೊಳಿಸುವುದು: ತರಬೇತಿ ನಡೆಸುವವರಿಗೊಂದು ಮಾರ್ಗದರ್ಶಿ

ಪತ್ರಕರ್ತರಿಗೆ ಲಿಂಗ ಸಮಾನತೆಯ ತರಬೇತಿ ಎಂದರೆ ಸಾಮಾನ್ಯವಾಗಿ ಒಂದು ದಿನದ ಕಾರ್ಯಾಗಾರ. ಉದ್ಘಾಟನೆ, ಎರಡು ಉಪನ್ಯಾಸ, ಮಧ್ಯಾಹ್ನ ಸಂವಾದ, ಸಂಜೆ ಪ್ರಮಾಣಪತ್ರ. ಬಂದವರೆಲ್ಲ ಕೇಳಿದ್ದನ್ನು ಒಪ್ಪಿಯೇ ಹೊರಡುತ್ತಾರೆ, ಆದರೆ ಮರುದಿನದ ಪುಟ ಹಿಂದಿನ ದಿನದಂತೆಯೇ ಇರುತ್ತದೆ. ಸುದ್ದಿಯಲ್ಲಿನ ತಾರತಮ್ಯ ಬಹುಪಾಲು ದುರುದ್ದೇಶದಿಂದ ಹುಟ್ಟುವುದಿಲ್ಲ. ಯಾರ ಫೋನ್ ನಂಬರ್ ಥಟ್ಟನೆ ಸಿಗುತ್ತದೆ, ರಾತ್ರಿ ಪಾಳಿಯಲ್ಲಿ ಶೀರ್ಷಿಕೆ ಯಾರು ಕೊಡುತ್ತಾರೆ, ಪೊಲೀಸರ ಪ್ರಕಟಣೆಯ ಯಾವ ಪದ ಹಾಗೆಯೇ ಕಾಪಿಗೆ, ಅಂದರೆ ವರದಿಯ ಬರಹಕ್ಕೆ, ಇಳಿಯುತ್ತದೆ ಎಂಬಂಥ ದಿನನಿತ್ಯದ ರೂಢಿಗಳಿಂದ ಹುಟ್ಟುತ್ತದೆ. ತರಬೇತಿ ಮುಟ್ಟಬೇಕಾದದ್ದು ಈ ರೂಢಿಗಳನ್ನು. ಸುದ್ದಿಸಂಸ್ಥೆ, ಪತ್ರಿಕೋದ್ಯಮ ವಿಭಾಗ ಅಥವಾ ಪತ್ರಕರ್ತರ ಸಂಘದಲ್ಲಿ ಇಂಥ ತರಬೇತಿಯ ಹೊಣೆ ಹೊತ್ತವರನ್ನು ಉದ್ದೇಶಿಸಿ ಈ ಲೇಖನ ಬರೆದಿದ್ದೇನೆ.

ಮೊದಲ ಹಂತ: ನಿಮ್ಮದೇ ಸುದ್ದಿಯನ್ನು ಎಣಿಸಿ

ತರಬೇತಿಯ ದಿನಕ್ಕೆ ಎರಡು ಮೂರು ವಾರ ಮೊದಲೇ ಕೆಲಸ ಆರಂಭವಾಗಬೇಕು. ಶಿಬಿರಾರ್ಥಿಗಳು ದುಡಿಯುವ ಪತ್ರಿಕೆ, ಚಾನೆಲ್ ಅಥವಾ ಜಾಲತಾಣದ ಒಂದು ವಾರದ ಸುದ್ದಿಯನ್ನು ಮುಂದಿಟ್ಟುಕೊಂಡು ಪ್ರತಿ ವರದಿಗೂ ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಇದರಲ್ಲಿ ಮಾತನಾಡಿದವರು ಯಾರು? ಯಾವ ಹೊಣೆಯಲ್ಲಿ ಮಾತನಾಡಿದ್ದಾರೆ: ಅಧಿಕಾರಿ, ವಕ್ತಾರ, ತಜ್ಞ, ಪ್ರತ್ಯಕ್ಷದರ್ಶಿ, ಸಂತ್ರಸ್ತ, ದಾರಿಹೋಕ? ಅವರ ಹೆಸರಿದೆಯೇ? ‘ಇಂಥವರ ಪತ್ನಿ’, ‘ಇಂಥವರ ತಾಯಿ’ ಎಂದು ಸಂಬಂಧದಿಂದ ಗುರುತಿಸಲಾಗಿದೆಯೇ? ವರದಿ ಒಂದು ಸಮುದಾಯದ ಕುರಿತಾಗಿದ್ದರೆ ಆ ಸಮುದಾಯದ ಒಬ್ಬರಾದರೂ ಅದರಲ್ಲಿ ಮಾತನಾಡಿದ್ದಾರೆಯೇ?

ಇದೇ ಬಗೆಯ ಎಣಿಕೆಯನ್ನು ಜಾಗತಿಕ ಮಟ್ಟದಲ್ಲಿ ‘ಗ್ಲೋಬಲ್ ಮೀಡಿಯಾ ಮಾನಿಟರಿಂಗ್ ಪ್ರಾಜೆಕ್ಟ್’ 1995ರಿಂದ ಐದು ವರ್ಷಕ್ಕೊಮ್ಮೆ ಮಾಡುತ್ತ ಬಂದಿದೆ. ಆರಂಭದ ವರ್ಷ 71 ದೇಶಗಳ ಒಂದು ದಿನದ ಸುದ್ದಿಯಲ್ಲಿ ಕಾಣಿಸಿಕೊಂಡ ಅಥವಾ ಮಾತನಾಡಿದ ವ್ಯಕ್ತಿಗಳಲ್ಲಿ ಮಹಿಳೆಯರ ಪಾಲು ಶೇ 17ರಷ್ಟಿತ್ತು. 2020ರ ಸುತ್ತಿನಲ್ಲಿ, 116 ದೇಶಗಳಲ್ಲಿ, ಅದು ಶೇ 25ಕ್ಕೆ ಬಂದು ನಿಂತಿತ್ತು. ಈ ಅಂಕಿಗಳನ್ನು ಶಿಬಿರದಲ್ಲಿ ಹೇಳುವುದು ಒಳ್ಳೆಯದೇ. ಆದರೆ ಜಗತ್ತಿನ ಸರಾಸರಿ ಕೇಳಿದಾಗ ಯಾರಿಗೂ ಅದು ತಮ್ಮ ಕಾಪಿಯ ಮಾತು ಅನ್ನಿಸುವುದಿಲ್ಲ. ‘ಕಳೆದ ವಾರ ನಮ್ಮ ವಾಣಿಜ್ಯ ಪುಟದಲ್ಲಿ ಒಬ್ಬ ಮಹಿಳೆಯ ಅಭಿಪ್ರಾಯವೂ ಇರಲಿಲ್ಲ’ ಎಂಬ ವಾಕ್ಯ ಗೋಡೆಯ ಮೇಲೆ ಮೂಡಿದಾಗ ಕೊಠಡಿಯ ಮಾತುಕತೆಯೇ ಬದಲಾಗುತ್ತದೆ. ಎಣಿಕೆಯನ್ನು ವರದಿಗಾರರ ಹೆಸರು ಹಚ್ಚದೆ ವಿಭಾಗವಾರು ತೋರಿಸಿ. ಯಾರನ್ನೋ ಸಭೆಯಲ್ಲಿ ನಿಲ್ಲಿಸಿ ತಪ್ಪಿತಸ್ಥರನ್ನಾಗಿ ಮಾಡಿದರೆ ಉಳಿದವರು ಕಲಿಯುವುದು ತಮ್ಮನ್ನು ಸಮರ್ಥಿಸಿಕೊಳ್ಳುವುದನ್ನು ಮಾತ್ರ.

ಎರಡನೆಯ ಹಂತ: ಯಾರು ಬರಬೇಕು, ಯಾರು ಕಲಿಸಬೇಕು

ಇಂಥ ಶಿಬಿರಗಳಿಗೆ ಸಂಸ್ಥೆಗಳು ಮಹಿಳಾ ವರದಿಗಾರರನ್ನೋ ಹೊಸದಾಗಿ ಸೇರಿದವರನ್ನೋ ಕಳುಹಿಸಿ ಕೈತೊಳೆದುಕೊಳ್ಳುವುದು ವಾಡಿಕೆ. ಇದಕ್ಕೆ ಒಪ್ಪಬೇಡಿ. ವರದಿಗಾರ ಎಷ್ಟೇ ಎಚ್ಚರದಿಂದ ಬರೆದರೂ ಶೀರ್ಷಿಕೆ ಕೊಡುವವರು ಉಪಸಂಪಾದಕರು, ಚಿತ್ರ ಆಯುವವರು ಫೋಟೊ ವಿಭಾಗದವರು, ಅದೇ ಸುದ್ದಿಯನ್ನು ಸಾಮಾಜಿಕ ಜಾಲತಾಣಕ್ಕೆ ಒಂದು ಸಾಲಿನಲ್ಲಿ ಇಳಿಸುವವರು ಇನ್ನೊಬ್ಬರು. ಅಪರಾಧ, ರಾಜಕೀಯ ಮತ್ತು ವಾಣಿಜ್ಯ ಬೀಟ್‌ಗಳ (ವರದಿಗಾರಿಕೆಯ ಕ್ಷೇತ್ರಗಳ) ಹಿರಿಯರು, ವರದಿ ತಿದ್ದಿ ಪುಟಕ್ಕೆ ಸಿದ್ಧಪಡಿಸುವ ಡೆಸ್ಕ್‌ನವರು, ಛಾಯಾಗ್ರಾಹಕರು ಇರದ ಶಿಬಿರದಿಂದ ಪುಟ ಬದಲಾಗುವುದಿಲ್ಲ. ಸುದ್ದಿ ಸಂಪಾದಕರು ಉದ್ಘಾಟನೆಗೆ ಬಂದು ಹೊರಟುಹೋಗದೆ ಪೂರ್ತಿ ದಿನ ಇರಬೇಕೆಂಬುದನ್ನು ಷರತ್ತಾಗಿಯೇ ಇಡಿ. ಹದಿನೈದು ಇಪ್ಪತ್ತು ಮಂದಿಗಿಂತ ಹೆಚ್ಚಾದರೆ ಅಭ್ಯಾಸ ಮಾಡಿಸುವುದು ಕಷ್ಟ, ಅದು ಭಾಷಣವಾಗಿಬಿಡುತ್ತದೆ.

ಕಲಿಸುವವರ ಆಯ್ಕೆ ಇನ್ನೂ ಸೂಕ್ಷ್ಮವಾದದ್ದು. ಅಂಚಿನ ಸಮುದಾಯಗಳಿಂದ ಸಂಪನ್ಮೂಲ ವ್ಯಕ್ತಿಗಳನ್ನು ಕರೆಯಲೇಬೇಕು. ಆದರೆ ಅವರನ್ನು ಕರೆದು, ‘ನಿಮ್ಮ ಬದುಕಿನ ಕಷ್ಟ ಹೇಳಿ’ ಎಂದು ಕೇಳುವ ಪದ್ಧತಿ ಬಿಡಬೇಕು. ಟ್ರಾನ್ಸ್‌ಜೆಂಡರ್ ಮಹಿಳೆಯೊಬ್ಬರು ಅಥವಾ ದೃಷ್ಟಿಹೀನರೊಬ್ಬರು ತಮ್ಮ ನೋವನ್ನು ಅಪರಿಚಿತರ ಮುಂದೆ ಬಿಚ್ಚಿಟ್ಟು, ಕೇಳಿದವರು ಕಣ್ಣೊರೆಸಿಕೊಂಡು ಹೋದರೆ ಅದರಿಂದ ವರದಿಗಾರಿಕೆಗೆ ಏನೂ ದಕ್ಕುವುದಿಲ್ಲ. ಅವರ ಕೈಗೆ ನಿಮ್ಮದೇ ಪತ್ರಿಕೆಯ ಐದಾರು ವರದಿಗಳನ್ನು ಒಂದು ವಾರ ಮೊದಲೇ ಕೊಡಿ. ಎಲ್ಲಿ ತಪ್ಪಾಗಿದೆ, ಏನು ಬಿಟ್ಟುಹೋಗಿದೆ, ಯಾರನ್ನು ಕೇಳಬೇಕಿತ್ತು ಎಂದು ವಿಮರ್ಶೆ ಮಾಡಿಸಿ. ಆಗ ಅವರು ತಜ್ಞರ ಸ್ಥಾನದಲ್ಲಿರುತ್ತಾರೆ, ಆ ಸ್ಥಾನ ಅವರಿಗೆ ಸಲ್ಲಬೇಕಾದದ್ದೇ. ಉಳಿದ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನವನ್ನು ಅವರಿಗೂ ಕೊಡಿ. ಒಂದು ಸಮುದಾಯದಿಂದ ಒಬ್ಬರನ್ನೇ ಕರೆದರೆ ಅವರ ಮಾತೇ ಇಡೀ ಸಮುದಾಯದ ಮಾತು ಎಂಬ ಭ್ರಮೆ ಹುಟ್ಟುತ್ತದೆ. ಸಾಧ್ಯವಾದಲ್ಲಿ ಪರಸ್ಪರ ಭಿನ್ನಾಭಿಪ್ರಾಯ ಇರುವ ಇಬ್ಬರನ್ನು ಕರೆಯಿರಿ.

ಮೂರನೆಯ ಹಂತ: ಭಾಷೆಯ ಅಭ್ಯಾಸ

ಶಿಬಿರದ ಹೆಚ್ಚಿನ ಸಮಯವನ್ನು ನಾನಂತೂ ಇದಕ್ಕೇ ಮೀಸಲಿಡಲು ಹೇಳುತ್ತೇನೆ. ಬಳಸಬಾರದ ಪದಗಳ ಪಟ್ಟಿ ಹಂಚುವುದು ಸುಲಭ, ಆದರೆ ಪಟ್ಟಿ ಮರೆತುಹೋಗುತ್ತದೆ. ನಿಜವಾದ ವಾಕ್ಯಗಳನ್ನು ಬಿಡಿಸಿ ನೋಡುವ ಅಭ್ಯಾಸ ಉಳಿಯುತ್ತದೆ.

ಕನ್ನಡದಲ್ಲಿ ಬರೆಯುವವರು ಮೊದಲು ನೋಡಬೇಕಾದದ್ದು ಕ್ರಿಯಾಪದಗಳ ಕೊನೆಯನ್ನು. ‘ಉದ್ಯಮಿ ಅಪಘಾತದಲ್ಲಿ ಮೃತಪಟ್ಟಿದ್ದಾರೆ’ ಎಂದು ಬರೆಯುವ ಕೈಯೇ ‘ಕೂಲಿ ಕಾರ್ಮಿಕ ಕಟ್ಟಡದಿಂದ ಬಿದ್ದು ಮೃತಪಟ್ಟಿದ್ದಾನೆ’ ಎಂದು ಬರೆಯುತ್ತದೆ. ವೈದ್ಯೆ ‘ಹೇಳಿದರು’, ಮನೆಗೆಲಸದ ಮಹಿಳೆ ‘ಹೇಳಿದಳು’. ಬಹುವಚನದ ಗೌರವ ಯಾರಿಗೆ, ಏಕವಚನ ಯಾರಿಗೆ ಎಂಬ ತೀರ್ಮಾನವನ್ನು ಯಾರೂ ಕುಳಿತು ಮಾಡಿದ್ದಲ್ಲ. ಅದು ಬೆರಳಿನಲ್ಲೇ ಇದೆ. ಶಿಬಿರಾರ್ಥಿಗಳಿಗೆ ಒಂದು ವಾರದ ಅಪರಾಧ ಮತ್ತು ಅಪಘಾತ ಸುದ್ದಿಗಳನ್ನು ಕೊಟ್ಟು, ಏಕವಚನದ ಕ್ರಿಯಾಪದಗಳಿಗೆಲ್ಲ ಕೆಂಪು ಗೆರೆ, ಬಹುವಚನದವಕ್ಕೆ ನೀಲಿ ಗೆರೆ ಎಳೆಯಲು ಹೇಳಿ. ವೃತ್ತಿ, ವರ್ಗ, ಲಿಂಗ ಎಲ್ಲವೂ ಆ ಬಣ್ಣಗಳಲ್ಲಿ ಕಾಣಿಸಿಕೊಳ್ಳುತ್ತವೆ. ಆಮೇಲೆ ಸಂಸ್ಥೆಗೆ ಒಂದೇ ನಿಯಮ ಮಾಡಿ: ವಯಸ್ಕರೆಲ್ಲರಿಗೂ, ಆರೋಪಿಗಳೂ ಸೇರಿದಂತೆ, ಬಹುವಚನ. ಆರೋಪಿಗೆ ಏಕವಚನ ಬಳಸುವುದು ನ್ಯಾಯಾಲಯಕ್ಕಿಂತ ಮೊದಲೇ ತೀರ್ಪು ಕೊಟ್ಟಂತೆ ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ಒಪ್ಪದವರು ಶಿಬಿರದಲ್ಲಿ ಇದ್ದೇ ಇರುತ್ತಾರೆ, ಅವರೊಡನೆ ಚರ್ಚೆ ನಡೆಯಲಿ.

ಎರಡನೆಯ ಅಭ್ಯಾಸ ಶೀರ್ಷಿಕೆಗಳದ್ದು. ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಎಂಬ ಶೀರ್ಷಿಕೆಯನ್ನು ಹಲಗೆಯ ಮೇಲೆ ಬರೆದು, ಇದರಲ್ಲಿರುವ ಪ್ರತಿಯೊಂದು ಮಾಹಿತಿಯನ್ನೂ ಹೇಳಿದವರು ಯಾರು ಎಂದು ಕೇಳಿ. ಕೊಲೆಯಾಗಿದೆ ಎಂಬುದನ್ನು ಪೊಲೀಸರು ಹೇಳಿದ್ದಾರೆ. ಶಂಕೆಯ ವಿಚಾರ ಬಂದದ್ದು ಕೊಲೆ ಮಾಡಿದ ಆರೋಪ ಹೊತ್ತವರ ಬಾಯಿಂದ. ತಮ್ಮ ಕೃತ್ಯಕ್ಕೆ ಅವರು ಕೊಟ್ಟುಕೊಂಡ ಸಮರ್ಥನೆ ಶೀರ್ಷಿಕೆಯ ಮೊದಲ ಪದವಾಗಿ, ಸತ್ತ ಹೆಣ್ಣುಮಗಳ ನಡತೆ ವಿಚಾರಣೆಗೆ ನಿಂತಿದೆ. ಉತ್ತರ ಹೇಳಲು ಆಕೆ ಇಲ್ಲ. ಕೊಂದವರು ಯಾರೆಂಬುದು ಶೀರ್ಷಿಕೆಯಲ್ಲಿ ಇಲ್ಲವೇ ಇಲ್ಲ. ‘ಪತ್ನಿಯ ಕೊಲೆ: ಪತಿ ಬಂಧನ’ ಎಂದರೆ ಅಷ್ಟೇ ಜಾಗದಲ್ಲಿ ಖಚಿತವಾಗಿ ಗೊತ್ತಿರುವುದಷ್ಟೇ ಬರುತ್ತದೆ. ಮುಂದಿನ ಪ್ರಶ್ನೆಗಳನ್ನು ಶಿಬಿರಾರ್ಥಿಗಳಿಂದಲೇ ಹೊರಡಿಸಿ: ಆಕೆ ಮೊದಲೇ ದೂರು ಕೊಟ್ಟಿದ್ದರೇ? ಕೊಟ್ಟಿದ್ದರೆ ಏನು ಕ್ರಮವಾಯಿತು? ಇಂಥ ಸ್ಥಿತಿಯಲ್ಲಿರುವ ಓದುಗರಿಗೆ ಸಹಾಯ ಎಲ್ಲಿ ಸಿಗುತ್ತದೆ? ಜಗತ್ತಿನಾದ್ಯಂತ ಸುಮಾರು ಮೂವರಲ್ಲಿ ಒಬ್ಬ ಮಹಿಳೆ ಬದುಕಿನ ಯಾವುದಾದರೊಂದು ಹಂತದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜು ಹೇಳುತ್ತದೆ. ಪ್ರತಿ ಕೊಲೆಯನ್ನೂ ಒಂದು ಮನೆಯ ಜಗಳವೆಂದು ಬರೆದರೆ ಈ ವ್ಯಾಪ್ತಿ ಓದುಗರ ಗಮನಕ್ಕೇ ಬರುವುದಿಲ್ಲ.

‘ಮಾನಭಂಗ’, ‘ಬಾಳು ಹಾಳಾಯಿತು’ ಎಂಬ ಪದಗಳು ಅಪರಾಧದ ಕಳಂಕವನ್ನು ಅದಕ್ಕೆ ಒಳಗಾದವರ ತಲೆಗೇ ಕಟ್ಟುತ್ತವೆ. ‘ಪ್ರೇಮ ವೈಫಲ್ಯದಿಂದ ದಾಳಿ’ ಎಂಬುದು ಒಪ್ಪಿಗೆಯಿಲ್ಲದ ಬೆನ್ನಟ್ಟುವಿಕೆಗೆ ಪ್ರೇಮದ ಹೆಸರು ಕೊಡುತ್ತದೆ. ಅಂಗವೈಕಲ್ಯ ಉಳ್ಳವರ ಬಗ್ಗೆ ಬರೆಯುವಾಗ ನಮ್ಮಲ್ಲಿ ಎರಡೇ ಅಚ್ಚುಗಳಿವೆ, ಒಂದು ಕರುಣೆಯದ್ದು, ಇನ್ನೊಂದು ‘ವೈಕಲ್ಯ ಮೆಟ್ಟಿ ನಿಂತ ಸಾಧಕ’ ಎಂಬ ಬೆರಗಿನದ್ದು. ಕಚೇರಿಗೆ ಇಳಿಜಾರು ದಾರಿ ಇಲ್ಲ, ಪರೀಕ್ಷೆಯಲ್ಲಿ ಬ್ರೈಲ್ ಪ್ರಶ್ನೆಪತ್ರಿಕೆ ಇಲ್ಲ ಎಂಬ ಸುದ್ದಿ ಈ ಎರಡರಲ್ಲೂ ಹಿಡಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಆರು ಜನರಲ್ಲಿ ಒಬ್ಬರು ಗಣನೀಯ ವೈಕಲ್ಯ ಹೊಂದಿದ್ದಾರೆ. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆ ತನ್ನ 8ನೆಯ ವಿಧಿಯಲ್ಲಿ ಮಾಧ್ಯಮಗಳ ಚಿತ್ರಣದ ಮಾತನ್ನೂ ಎತ್ತುತ್ತದೆ. ಯಾವ ಪದ ಬಳಸಬೇಕೆಂಬ ಗೊಂದಲ ಬಂದಾಗ, ವರದಿಯಲ್ಲಿ ಇರುವ ವ್ಯಕ್ತಿಯನ್ನೇ ಕೇಳಿ, ಅವರು ಹೇಳಿದ ಪದವನ್ನು ಬರೆಯಬೇಕು. ಹೆಸರು ಮತ್ತು ಲಿಂಗದ ವಿಷಯದಲ್ಲೂ ಇದೇ ನಿಯಮ.

ನಾಲ್ಕನೆಯ ಹಂತ: ಸುದ್ದಿಮೂಲಗಳ ಪಟ್ಟಿ

‘ಮಾತನಾಡುವ ಮಹಿಳಾ ತಜ್ಞರು ಸಿಗುವುದಿಲ್ಲ’ ಎಂಬ ಮಾತು ಪ್ರತಿ ಶಿಬಿರದಲ್ಲೂ ಕೇಳಿಬರುತ್ತದೆ. ಸಂಜೆ ಆರು ಗಂಟೆಗೆ ಹುಡುಕಲು ಹೊರಟರೆ ಸಿಗುವುದಿಲ್ಲ ಎಂಬುದು ನಿಜ. ಹಾಗಾಗಿ ಶಿಬಿರದ ಒಂದು ಗಂಟೆಯನ್ನು ಪಟ್ಟಿ ಮಾಡಲೆಂದೇ ಇಡಿ: ಪ್ರತಿಯೊಬ್ಬರೂ ತಮ್ಮ ಬೀಟ್‌ಗೆ ಸಂಬಂಧಿಸಿ ಈವರೆಗೆ ಒಮ್ಮೆಯೂ ಮಾತನಾಡಿಸದ ಐವರು ಮಹಿಳೆಯರು ಅಥವಾ ಅಂಚಿನ ಸಮುದಾಯದವರ ಹೆಸರು, ಪರಿಣತಿ, ಸಂಪರ್ಕವನ್ನು ಹುಡುಕಿ, ಅವರ ಅನುಮತಿ ಪಡೆದು, ಇಡೀ ಡೆಸ್ಕ್ ನೋಡಬಹುದಾದ ಕಡತಕ್ಕೆ ಸೇರಿಸಬೇಕು. ಸೇರಿಸುವಾಗ ಒಂದು ಎಚ್ಚರಿಕೆ. ದಲಿತ ಅರ್ಥಶಾಸ್ತ್ರಜ್ಞರನ್ನು ಮೀಸಲಾತಿಯ ಬಗ್ಗೆ, ಟ್ರಾನ್ಸ್‌ಜೆಂಡರ್ ವಕೀಲರನ್ನು ಲಿಂಗತ್ವದ ಬಗ್ಗೆ ಮಾತ್ರ ಕೇಳುವುದಾದರೆ ಅವರ ಪರಿಣತಿಗೆ ಬೆಲೆ ಕೊಟ್ಟಂತಾಗುವುದಿಲ್ಲ. ಬಜೆಟ್‌ ಬಗ್ಗೆ, ತೀರ್ಪಿನ ಬಗ್ಗೆ ಅವರನ್ನು ಕೇಳಬೇಕು.

ಬಿಬಿಸಿಯಲ್ಲಿ 2017ರಲ್ಲಿ ಒಂದು ಸಂಜೆಯ ಸುದ್ದಿ ಕಾರ್ಯಕ್ರಮದ ನಿರೂಪಕ ರಾಸ್ ಆಟ್ಕಿನ್ಸ್ ಆರಂಭಿಸಿದ ‘50:50’ ಯೋಜನೆ ಇಲ್ಲಿ ಉಪಯುಕ್ತ ಮಾದರಿ. ಸುದ್ದಿಯ ಅನಿವಾರ್ಯ ಪಾತ್ರಗಳನ್ನು, ಅಂದರೆ ಪ್ರಧಾನಿಯನ್ನೋ ಪ್ರತ್ಯಕ್ಷದರ್ಶಿಯನ್ನೋ, ಅವರು ಎಣಿಸಲಿಲ್ಲ. ತಾವು ಆರಿಸಿ ಕರೆಯುವ ಅತಿಥಿಗಳು, ವರದಿಗಾರರು, ವಿಶ್ಲೇಷಕರಲ್ಲಿ ಮಹಿಳೆಯರೆಷ್ಟು ಎಂಬುದನ್ನಷ್ಟೇ ದಿನವೂ ಬರೆದಿಟ್ಟರು. ಆಯ್ಕೆ ತಮ್ಮ ಕೈಯಲ್ಲಿರುವ ಕಡೆ ಮಾತ್ರ ಲೆಕ್ಕ ಕೇಳುವುದರಿಂದ ನೆಪಗಳಿಗೆ ಜಾಗ ಉಳಿಯುವುದಿಲ್ಲ.

ಐದನೆಯ ಹಂತ: ಸಂದರ್ಶನ, ಒಪ್ಪಿಗೆ, ಗುರುತು

ಇದನ್ನು ಉಪನ್ಯಾಸದಲ್ಲಿ ಕಲಿಸಲಾಗದು, ಅಭಿನಯದ ಮೂಲಕ ಕಲಿಸಬೇಕು. ಒಬ್ಬರು ಹಿಂಸೆಗೆ ಒಳಗಾದವರ ಪಾತ್ರ, ಒಬ್ಬರು ವರದಿಗಾರರ ಪಾತ್ರ ವಹಿಸಲಿ, ಮೂರನೆಯವರು ಗಮನಿಸಲಿ. ನಿಜವಾಗಿ ಇಂಥ ಅನುಭವ ಆದವರು ಶಿಬಿರದಲ್ಲೇ ಇರಬಹುದಾದ್ದರಿಂದ ಯಾರನ್ನೂ ಪಾತ್ರಕ್ಕೆ ಒತ್ತಾಯಿಸಬಾರದು, ಬೇಡವೆನಿಸಿದವರು ಹೊರಗೆ ಹೋಗಿ ಕೂರಲು ಅವಕಾಶ ಇದೆಯೆಂದು ಮೊದಲೇ ತಿಳಿಸಬೇಕು. ಅಭ್ಯಾಸದಲ್ಲಿ ಗಮನಿಸಬೇಕಾದದ್ದು ಇಷ್ಟು: ಎಲ್ಲಿ, ಯಾರ ಎದುರು ಮಾತನಾಡಬೇಕೆಂಬ ಆಯ್ಕೆ ಅವರಿಗೆ ಇತ್ತೇ; ಯಾವ ಪ್ರಶ್ನೆಗೆ ಉತ್ತರಿಸದೆ ಇರಬಹುದೆಂದು ಹೇಳಲಾಯಿತೇ; ‘ನೀವು ಯಾಕೆ ಅಲ್ಲಿಗೆ ಹೋಗಿದ್ದಿರಿ’, ‘ಯಾಕೆ ಆಗಲೇ ಹೇಳಲಿಲ್ಲ’ ಎಂಬ ದೂಷಣೆಯ ಪ್ರಶ್ನೆಗಳು ಬಂದವೇ. ‘ಆಮೇಲೆ ಏನಾಯಿತು’ ಎಂದು ಕೇಳಿದರೆ ಅದೇ ಮಾಹಿತಿ, ನೋವಿಲ್ಲದೆ, ಬರುತ್ತದೆ. ನೊಂದವರು ಘಟನೆಯ ಕ್ರಮವನ್ನು ಹಿಂದುಮುಂದಾಗಿ ಹೇಳುವುದು ಸಹಜ. ಅದನ್ನು ಸುಳ್ಳಿನ ಲಕ್ಷಣವೆಂದು ಎಣಿಸಬಾರದು.

ಒಪ್ಪಿಗೆ ಎಂದರೆ ತಲೆಯಾಡಿಸಿದ್ದಲ್ಲ. ವರದಿ ಎಲ್ಲಿ ಬರುತ್ತದೆ, ಅಂತರ್ಜಾಲದಲ್ಲಿ ಎಷ್ಟು ಕಾಲ ಉಳಿಯುತ್ತದೆ, ಯಾರೆಲ್ಲ ಹುಡುಕಿ ಓದಬಹುದು ಎಂಬುದನ್ನು ತಿಳಿಸಿದ ಮೇಲಷ್ಟೇ ಒಪ್ಪಿಗೆಗೆ ಅರ್ಥ. ತಂದೆತಾಯಿ ಒಪ್ಪಿದರೂ ಮಗುವಿನ ಹಿತಕ್ಕೆ ಧಕ್ಕೆ ಇದ್ದರೆ ಗುರುತು ಪ್ರಕಟಿಸಬಾರದು. ಹೆಸರು ಬಿಟ್ಟ ಮಾತ್ರಕ್ಕೆ ಗುರುತು ಮುಚ್ಚುವುದಿಲ್ಲ ಎಂಬುದನ್ನು ತೋರಿಸಲು ಒಂದು ಸರಳ ಅಭ್ಯಾಸವಿದೆ: ಒಂದೇ ಪ್ರಕರಣದ ನಾಲ್ಕು ಕಾಲ್ಪನಿಕ ವರದಿಗಳನ್ನು ಹಂಚಿ. ಒಂದರಲ್ಲಿ ಊರು, ಇನ್ನೊಂದರಲ್ಲಿ ತಂದೆಯ ಉದ್ಯೋಗ, ಮತ್ತೊಂದರಲ್ಲಿ ಓದುವ ತರಗತಿ, ಕೊನೆಯದರಲ್ಲಿ ಮಸುಕು ಮಾಡಿದ ಮುಖದ ಹಿಂದೆ ಮನೆಯ ಬಾಗಿಲು. ನಾಲ್ಕನ್ನೂ ಕೂಡಿಸಿದಾಗ ಆ ಊರಿನ ಯಾರಿಗಾದರೂ ಮಗು ಯಾರೆಂದು ತಿಳಿಯುತ್ತದೆ. ಬೇರೆ ಸಂಸ್ಥೆಗಳು ಏನನ್ನು ಪ್ರಕಟಿಸಿವೆ ಎಂದು ನೋಡಿಕೊಂಡು ನಮ್ಮ ವಿವರಗಳನ್ನು ಇನ್ನಷ್ಟು ಕಡಿಮೆ ಮಾಡುವುದೂ ಡೆಸ್ಕ್‌ನ ಕೆಲಸವೇ.

ಆರನೆಯ ಹಂತ: ಘಟನೆಯ ಹಿಂದಿನ ಸ್ಥಿತಿ

ಅಂಚಿನ ಸಮುದಾಯಗಳು ಗಲಭೆ, ಅಪರಾಧ, ದುರಂತ ಅಥವಾ ಹಬ್ಬದ ಸುದ್ದಿಯಲ್ಲಿ ಮಾತ್ರ ಕಾಣಿಸಿಕೊಂಡರೆ, ಪ್ರತಿ ವರದಿ ಸರಿಯಾಗಿದ್ದರೂ ಒಟ್ಟು ಚಿತ್ರ ತಪ್ಪಾಗುತ್ತದೆ. ಇದು ಹಳೆಯ ಆಕ್ಷೇಪ. 1967ರಲ್ಲಿ ಅಮೆರಿಕದ ನಗರಗಳಲ್ಲಿ ನಡೆದ ಗಲಭೆಗಳ ಕಾರಣ ಹುಡುಕಲು ನೇಮಿಸಿದ ಕರ್ನರ್ ಆಯೋಗ 1968ರ ತನ್ನ ವರದಿಯಲ್ಲಿ ಒಂದು ಅಧ್ಯಾಯವನ್ನೇ ಸುದ್ದಿಮಾಧ್ಯಮಗಳಿಗೆ ಮೀಸಲಿಟ್ಟು, ಪತ್ರಿಕೆಗಳು ಬಿಳಿಯರ ಜಗತ್ತಿನೊಳಗಿಂದ ನೋಡಿ ಬರೆಯುತ್ತಿವೆ, ಕಪ್ಪು ಜನರ ಸಂಕಷ್ಟಕ್ಕೆ ಕಾರಣವಾದ ಸ್ಥಿತಿಗತಿಯನ್ನು ಓದುಗರಿಗೆ ತಿಳಿಸಿಲ್ಲ ಎಂದು ಟೀಕಿಸಿತು. ಸುದ್ದಿಮನೆಗಳಲ್ಲಿ ಕಪ್ಪು ಪತ್ರಕರ್ತರು ಬೆರಳೆಣಿಕೆಯಷ್ಟು ಇರುವುದನ್ನೂ ಅದು ಎತ್ತಿ ತೋರಿಸಿತು. ಮುಂದೆ ‘ಓಕ್‌ಲ್ಯಾಂಡ್ ಟ್ರಿಬ್ಯೂನ್’ ಪತ್ರಿಕೆಯ ಒಡೆಯರಾದ ರಾಬರ್ಟ್ ಮೇನಾರ್ಡ್, ಸಮಾಜವನ್ನು ಸೀಳುವ ಐದು ಬಿರುಕುಗಳನ್ನು ಗುರುತಿಸಿ ಅವುಗಳ ಮೂಲಕ ಸುದ್ದಿಯನ್ನು ಪರಿಶೀಲಿಸುವ ವಿಧಾನ ರೂಪಿಸಿದರು: ಜನಾಂಗ, ವರ್ಗ, ಲಿಂಗ, ತಲೆಮಾರು, ಭೂಗೋಳ. ನಿಮ್ಮ ಓದುಗರ ಸಮಾಜಕ್ಕೆ ತಕ್ಕಂತೆ ಜಾತಿ, ಧರ್ಮ, ಭಾಷೆ, ವೈಕಲ್ಯ ಇವನ್ನು ಸೇರಿಸಿಕೊಳ್ಳಿ. ಪ್ರಕಟವಾದ ಒಂದು ವರದಿಯನ್ನು ತೆಗೆದುಕೊಂಡು, ಈ ಪ್ರತಿಯೊಂದು ಬಿರುಕಿನ ಆಚೆ ಬದಿಯಲ್ಲಿ ನಿಂತವರಿಗೆ ಇದೇ ಸುದ್ದಿ ಹೇಗೆ ಕಾಣುತ್ತದೆ ಎಂದು ಗುಂಪುಗಳಲ್ಲಿ ಚರ್ಚಿಸಿದರೆ, ಅರ್ಧ ಗಂಟೆಯಲ್ಲಿ ಮೂರು ಹೊಸ ವರದಿಗಳ ವಿಷಯ ಸಿಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ: ‘ಇದು ಪಕ್ಷಪಾತವಲ್ಲವೇ? ನಾವು ಹೋರಾಟಗಾರರಲ್ಲ, ಪತ್ರಕರ್ತರು.’ ಆಕ್ಷೇಪವನ್ನು ಗೌರವದಿಂದಲೇ ಎದುರಿಸಿ. ನ್ಯಾಯಯುತ ವರದಿ ಎಂದರೆ ಅಂಚಿನ ಸಮುದಾಯದವರ ತಪ್ಪನ್ನು ಮುಚ್ಚಿಡುವುದಲ್ಲ. ಆ ಸಮುದಾಯದ ನಾಯಕರ ಹೇಳಿಕೆಗೂ ಸಚಿವರ ಹೇಳಿಕೆಗೂ ಒಂದೇ ಬಗೆಯ ಪರಿಶೀಲನೆ ಬೇಕು. ಕಳ್ಳತನದ ವರದಿಯಲ್ಲಿ ಆರೋಪಿಯ ಜಾತಿ ಅಥವಾ ಧರ್ಮ ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಸರಳ: ಆರೋಪಿ ಬಹುಸಂಖ್ಯಾತ ಸಮುದಾಯದವರಾಗಿದ್ದರೆ ಇದನ್ನು ಬರೆಯುತ್ತಿದ್ದೆವೇ? ಅಂತರರಾಷ್ಟ್ರೀಯ ಪತ್ರಕರ್ತರ ಒಕ್ಕೂಟ 2019ರಲ್ಲಿ ಅಂಗೀಕರಿಸಿದ ನೀತಿಸಂಹಿತೆಯೂ ಸುದ್ದಿ ದ್ವೇಷ ಅಥವಾ ಪೂರ್ವಗ್ರಹಕ್ಕೆ ದಾರಿಯಾಗದಂತೆ ನೋಡಿಕೊಳ್ಳುವುದನ್ನು ಪತ್ರಕರ್ತರ ಕರ್ತವ್ಯವೆಂದೇ ಹೇಳುತ್ತದೆ.

ಏಳನೆಯ ಹಂತ: ವರದಿಗಾರರ ಸುರಕ್ಷತೆ

ಈ ವಿಷಯಗಳ ಬಗ್ಗೆ ಬರೆಯುವ ಮಹಿಳೆಯರು ಮತ್ತು ಅಂಚಿನ ಸಮುದಾಯದ ಪತ್ರಕರ್ತರು ಆನ್‌ಲೈನ್ ದಾಳಿಯನ್ನು ಎದುರಿಸುತ್ತಾರೆ. ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಪತ್ರಕರ್ತರ ಕೇಂದ್ರ 2020ರಲ್ಲಿ ನಡೆಸಿದ ಸಮೀಕ್ಷೆಗೆ ಉತ್ತರಿಸಿದ ಮಹಿಳಾ ಪತ್ರಕರ್ತರಲ್ಲಿ ಶೇ 73ರಷ್ಟು ಮಂದಿ ತಾವು ಆನ್‌ಲೈನ್ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಬೆದರಿಕೆ ಬಂದಾಗ ಯಾರಿಗೆ ತಿಳಿಸಬೇಕು, ಸ್ಕ್ರೀನ್‌ಶಾಟ್‌ಗಳನ್ನು ಯಾರು ಕಾಯ್ದಿಡುತ್ತಾರೆ, ದೂರು ಕೊಡಲು ಸಂಸ್ಥೆಯಿಂದ ಯಾರು ಜೊತೆಗೆ ಬರುತ್ತಾರೆ ಎಂಬುದನ್ನು ಶಿಬಿರದಲ್ಲೇ, ಸಂಪಾದಕರ ಸಮ್ಮುಖದಲ್ಲೇ, ತೀರ್ಮಾನಿಸಿ ಬರೆದಿಡಿ.

ಎಂಟನೆಯ ಹಂತ: ಡೆಡ್‌ಲೈನ್ ಇಟ್ಟು ಬರೆಸಿ, ಆಮೇಲೆ ಮತ್ತೆ ಎಣಿಸಿ

ಕೊನೆಯ ಅಭ್ಯಾಸ ಸುದ್ದಿಮನೆಯ ಒತ್ತಡದಲ್ಲೇ ನಡೆಯಬೇಕು. ಪೊಲೀಸ್ ಪ್ರಕಟಣೆಯ ಮಾದರಿಯೊಂದನ್ನು ಕೊಟ್ಟು, ನಲವತ್ತು ನಿಮಿಷದಲ್ಲಿ ವರದಿ, ಶೀರ್ಷಿಕೆ, ಚಿತ್ರದ ಅಡಿಬರಹ ಮತ್ತು ಜಾಲತಾಣದ ಒಂದು ಸಾಲು ಸಿದ್ಧಪಡಿಸಲು ಹೇಳಿ. ಆತುರದಲ್ಲಿ ಹಳೆಯ ಪದಗಳು ಹೇಗೆ ಮರಳಿ ನುಸುಳುತ್ತವೆ ಎಂಬುದನ್ನು ಆಗ ಅವರೇ ನೋಡುತ್ತಾರೆ. ಚಿತ್ರದ ಆಯ್ಕೆಯನ್ನೂ ಇದರಲ್ಲಿ ಸೇರಿಸಿ. ಲೈಂಗಿಕ ಹಿಂಸೆಯ ವರದಿಗೆ ಮೂಲೆಯಲ್ಲಿ ಮುಖ ಮುಚ್ಚಿ ಕುಳಿತ ಹೆಣ್ಣಿನ ರೇಖಾಚಿತ್ರ ಹಾಕುವುದಕ್ಕಿಂತ ಚಿತ್ರವಿಲ್ಲದಿರುವುದೇ ಮೇಲು.

ಶಿಬಿರ ಮುಗಿದ ವಾರದೊಳಗೆ, ಅಲ್ಲಿ ಒಪ್ಪಿಕೊಂಡ ನಿಯಮಗಳನ್ನು ಎರಡು ಪುಟ ಮೀರದ ಕೈಪಿಡಿಯಾಗಿಸಿ ಪ್ರತಿ ಡೆಸ್ಕ್‌ಗೆ ಅಂಟಿಸಿ. ಉದ್ದದ ಕೈಪಿಡಿಯನ್ನು ರಾತ್ರಿ ಪಾಳಿಯಲ್ಲಿ ಯಾರೂ ತೆರೆಯುವುದಿಲ್ಲ. ಪ್ರತಿ ಪಾಳಿಯಲ್ಲಿ ಸೂಕ್ಷ್ಮ ವರದಿಗಳನ್ನು ಎರಡನೆಯ ಬಾರಿ ಓದುವವರು ಯಾರೆಂದು ಹೆಸರು ಗೊತ್ತುಮಾಡಿ. ಈ ಹೊಣೆ ಸರದಿಯಂತೆ ಎಲ್ಲರಿಗೂ ಬರಲಿ, ಒಬ್ಬ ಮಹಿಳೆಯ ಹೆಗಲಿಗೇ ಬೀಳದಿರಲಿ. ತಪ್ಪು ಪ್ರಕಟವಾದರೆ ಮೂಲ ವರದಿ ಬಂದ ಜಾಗದಲ್ಲೇ ತಿದ್ದುಪಡಿ ಬರಬೇಕು, ಜಾಲತಾಣದ ಹಳೆಯ ಪ್ರತಿಯನ್ನೂ ಸರಿಪಡಿಸಬೇಕು, ಸಂಬಂಧಪಟ್ಟ ಸಮುದಾಯದವರು ದೂರು ಹೇಳಲು ಒಂದು ದೂರವಾಣಿ ಸಂಖ್ಯೆ ಪುಟದಲ್ಲೇ ಇರಬೇಕು. ಮೂರು ತಿಂಗಳಿಗೊಮ್ಮೆ ಮೊದಲಿನ ಅದೇ ಪ್ರಶ್ನೆಗಳಿಂದ ಒಂದು ವಾರದ ಸುದ್ದಿಯನ್ನು ಮರು ಎಣಿಕೆ ಮಾಡಿ. ಒಟ್ಟು ಸಂಖ್ಯೆ ಏರಿದ್ದರೂ ಹೊಸದಾಗಿ ಬಂದ ದನಿಗಳೆಲ್ಲ ಸಂತ್ರಸ್ತರ ಸಾಲಿನಲ್ಲೇ ಇದ್ದು ತಜ್ಞರ ಸಾಲು ಹಾಗೆಯೇ ಇದ್ದರೆ, ನಾಲ್ಕನೆಯ ಹಂತಕ್ಕೆ ಹಿಂದಿರುಗಿ ಸುದ್ದಿಮೂಲಗಳ ಕಡತವನ್ನು ಡೆಸ್ಕ್ ನಿಜವಾಗಿ ಬಳಸುತ್ತಿದೆಯೇ ಎಂದು ನೋಡಿ.